ಜಪಾನ್ ಪ್ರವಾಸಕ್ಕೆ ಎಷ್ಟು ಜಪಾನೀ ಮಾತು ಕಲಿತರೆ ಸಾಕು?

ಮಲ್ಲೇಶ್ವರದ ಪಯಣಿಗ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಎರಡನೆಯ ವಾರದಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು 12 ದಿನಗಳ ಜಪಾನ್ ಪ್ರವಾಸಕ್ಕೆ ಹೊರಟಿದ್ದೇನೆ. ಟೋಕಿಯೋ, ಕ್ಯೋಟೋ, ಹಿರೋಶಿಮಾ ನೋಡಿಕೊಂಡು, ಕೋಯಾಸಾನ್ ಬೆಟ್ಟದ ಒಂದು ದೇವಾಲಯದಲ್ಲಿ ಒಂದು ರಾತ್ರಿ ತಂಗುವ ಯೋಚನೆಯಿದೆ. ನಾವು ಮೂವರೂ ಸಸ್ಯಾಹಾರಿಗಳು. ಅಮ್ಮನಿಗೆ ಊಟದ ಜೊತೆ ಬಿಸಿನೀರು ಇಲ್ಲದಿದ್ದರೆ ಊಟವೇ ಆಗುವುದಿಲ್ಲ.

ಪ್ರವಾಸಿಗರಿಗೆಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುವ 200 ವಾಕ್ಯಗಳ ಪಟ್ಟಿಯೊಂದನ್ನು ಇಳಿಸಿಕೊಂಡು ಮೂರು ವಾರದಿಂದ ಉರು ಹೊಡೆಯುತ್ತಿದ್ದೇನೆ. ಇಪ್ಪತ್ತು ವಾಕ್ಯಗಳೂ ತಲೆಯಲ್ಲಿ ನಿಂತಿಲ್ಲ. ಕಚೇರಿಯ ಗೆಳೆಯರು ಫೋನ್ ಇರುವಾಗ ಈ ಕಷ್ಟವೇಕೆ ಎಂದು ನಗುತ್ತಾರೆ. ಹೋಗಿ ಬಂದವರು ದಯವಿಟ್ಟು ತಿಳಿಸಿ: ನಿಜವಾಗಿ ಬಾಯಿಗೆ ಬರಲೇಬೇಕಾದ ಮಾತುಗಳು ಯಾವುವು?

ಕಾಫಿಪುಡಿ

ನಿಮ್ಮ ಗೆಳೆಯರು ಹೇಳಿದ್ದೇ ಸರಿ. ಕಳೆದ ವರ್ಷ ಹತ್ತು ದಿನ ಸುತ್ತಿ ಬಂದೆ. "ಅರಿಗತೋ" ಒಂದನ್ನು ಬಿಟ್ಟರೆ ಬೇರೇನೂ ಬೇಕಾಗಲಿಲ್ಲ. ಕ್ಯಾಮೆರಾ ಹಿಡಿದರೆ ಊಟದ ಪಟ್ಟಿ ಇಂಗ್ಲಿಷ್ ಆಗುತ್ತದೆ.

ನಿಶಿಕಸೈ ನಿವಾಸಿ

ಪಯಣಿಗರೇ, ನಾನು ಟೋಕಿಯೋದ ಎದೊಗವ ವಾರ್ಡಿನಲ್ಲಿ, ಭಾರತೀಯರು ಹೆಚ್ಚಾಗಿರುವ ನಿಶಿಕಸೈನಲ್ಲಿ ಬಹಳ ಕಾಲದಿಂದ ಇದ್ದೇನೆ. ಮೊದಲು ಆ 200 ವಾಕ್ಯಗಳ ಪಟ್ಟಿಯನ್ನು ಪಕ್ಕಕ್ಕೆ ಇಡಿ. ನಿಮ್ಮ ನೆನಪಿನ ಶಕ್ತಿಯಲ್ಲಿ ದೋಷವಿಲ್ಲ, ದೋಷವಿರುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದುಕೊಳ್ಳಿ.

ಜಪಾನೀ ಭಾಷೆಯಲ್ಲಿ ಅ, ಇ, ಉ, ಎ, ಒ ಎಂಬ ಐದು ಸ್ವರಗಳಿವೆ. ಐದಕ್ಕೂ ಹ್ರಸ್ವವೂ ಉಂಟು, ದೀರ್ಘವೂ ಉಂಟು. ಹಿಂದಿಯವರ ಲಿಪಿಯಲ್ಲಿ ಹ್ರಸ್ವ ಎ, ಹ್ರಸ್ವ ಒ ಬರೆಯಲು ಬೇರೆ ಅಕ್ಷರವೇ ಇಲ್ಲ. ನಮ್ಮಲ್ಲಿ ಎರಡೂ ಇವೆ. "ಒಬಸನ್" ಎಂದರೆ ಚಿಕ್ಕಮ್ಮ ಅಥವಾ ಅತ್ತೆ, "ಒಬಾಸನ್" ಎಂದರೆ ಅಜ್ಜಿ. ಐವತ್ತರ ಹೆಂಗಸನ್ನು ಅಜ್ಜಿ ಎಂದು ಕರೆದರೆ ಜಪಾನಿನಲ್ಲೂ ಮುಖ ಸಿಂಡರಿಸುತ್ತಾರೆ. "ಬಿರು" ಎಂದರೆ ಕಟ್ಟಡ, "ಬೀರು" ಎಂದರೆ ಕುಡಿಯುವ ಬಿಯರ್. ನಮ್ಮ ಮನೆಯ ಬಟ್ಟೆ ಇಡುವ ಬೀರುವಿಗೂ ಅದಕ್ಕೂ ಸಂಬಂಧವಿಲ್ಲ. ಒತ್ತಕ್ಷರವೂ ಹಾಗೆಯೇ: "ಕಿತೆ" ಎಂದರೆ ಬಾ, "ಕಿತ್ತೆ" ಎಂದರೆ ಅಂಚೆಚೀಟಿ. ಇಂಗ್ಲಿಷ್ ಪಟ್ಟಿ ಓದಿ ಬರುವವರು ಈ ವ್ಯತ್ಯಾಸಗಳನ್ನು ನುಂಗಿಬಿಡುತ್ತಾರೆ. ಕನ್ನಡದಲ್ಲಿ ಬರೆದುಕೊಂಡವರು ನುಂಗಬೇಕೆಂದರೂ ಅಕ್ಷರ ಬಿಡುವುದಿಲ್ಲ.

ಟ, ಡ ಬಳಸಬೇಡಿ. ಎಲ್ಲ ಕಡೆಯೂ ತ, ದ ಎನ್ನಿ. ಮಹಾಪ್ರಾಣದ ಗೊಡವೆಯೇ ಇಲ್ಲ. ಮೊದಲ ಐದು ಇಲ್ಲಿವೆ: "ಸುಮಿಮಸೆನ್" ಎಂಬುದು ಕ್ಷಮಿಸಿ, ಸ್ವಲ್ಪ ಇಲ್ಲಿ ನೋಡಿ, ದಾರಿ ಬಿಡಿ ಎಂಬ ಎಲ್ಲಕ್ಕೂ ಸಲ್ಲುತ್ತದೆ. "ಅರಿಗತೋ ಗೊಜ಼ೈಮಸ್" ಧನ್ಯವಾದ. "ಕೊರೆ ಒ ಕುದಸೈ" ಎಂದರೆ ಇದನ್ನು ಕೊಡಿ. "ತೊಇರೆ ವ ದೊಕೊ ದೆಸ್ ಕ" ಎಂದರೆ ಶೌಚಾಲಯ ಎಲ್ಲಿದೆ. "ಇಕುರ ದೆಸ್ ಕ" ಎಂದರೆ ಎಷ್ಟು. ಉಳಿದದ್ದು ಆಮೇಲೆ.

ಎನ್4 ಅಭ್ಯಾಸಿ

ಮೇಲಿನವರು "ದೆಸ್" ಎಂದು ಬರೆದಿರುವುದನ್ನು ಗಮನಿಸಿ. ಬರವಣಿಗೆಯಲ್ಲಿ ಅದು "ದೆಸು". ಕೊನೆಯ ಉಕಾರವನ್ನು ಟೋಕಿಯೋ ಕಡೆಯ ಮಾತಿನಲ್ಲಿ ಹೆಚ್ಚುಕಡಿಮೆ ನುಂಗುತ್ತಾರೆ. ಬಸ್ಸು, ಕಾರು, ಬ್ಯಾಂಕು ಎಂದು ಎಲ್ಲದಕ್ಕೂ ಉಕಾರ ಅಂಟಿಸುವ ನಾವು ಇಲ್ಲಿ ಮಾತ್ರ ಬಾಯಿಗೆ ಬೀಗ ಹಾಕಬೇಕಾಗುತ್ತದೆ. ತಮಾಷೆಯೆಂದರೆ ಅವರೂ ಎರವಲು ಪದಗಳಿಗೆ ನಮ್ಮಂತೆಯೇ ಬಾಲ ಸೇರಿಸುತ್ತಾರೆ: ಬಸ್ ಅವರಿಗೆ "ಬಸು", ಹೋಟೆಲ್ "ಹೊತೆರು", ಚಾಕು "ನೈಫು". ಇಂಗ್ಲಿಷ್ ಪದವನ್ನು ನಮ್ಮೂರಿನ ಅಜ್ಜ ಹೇಳುವಂತೆ ಹೇಳಿದರೆ ಎಷ್ಟೋ ಸಲ ಅವರಿಗೆ ಅರ್ಥವಾಗುತ್ತದೆ.

ಕಾಫಿಪುಡಿ

ಇಷ್ಟೆಲ್ಲ ವ್ಯಾಕರಣ ಕಲಿತು ಶೌಚಾಲಯ ಕೇಳಬೇಕೇ? ಅಲ್ಲಿ ಎಲ್ಲ ಕಡೆ ಚಿತ್ರದ ಫಲಕ ಇರುತ್ತದೆ.

ಹಾಸನದ ಹುಡುಗಿ

ಕಾಫಿಪುಡಿಯವರೇ, ಫಲಕ ಇರುವ ಕಡೆ ಯಾರೂ ಬಾಯಿ ತೆರೆಯಬೇಕಾಗಿಲ್ಲ. ತೊಡಕು ಬರುವುದು ನಾವು ಕೇಳುವಾಗಲ್ಲ, ಅವರು ನಮ್ಮನ್ನು ಕೇಳುವಾಗ.

ನನ್ನ ಅನುಭವ ಹೇಳುತ್ತೇನೆ. ಸಪ್ಪೊರೊದಲ್ಲಿ ಇಳಿದ ಮೊದಲ ರಾತ್ರಿ ಒಂದು ಕೊಂಬಿನಿಗೆ, ಅಂದರೆ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಚಿಕ್ಕ ಅಂಗಡಿಗೆ ಹೋಗಿ, ಒಂದು ಅನ್ನದ ಉಂಡೆ ಮತ್ತು ಮೊಸರಿನ ಡಬ್ಬಿ ಎತ್ತಿಕೊಂಡೆ. ನಾನು ಬಾಯಿಪಾಠ ಮಾಡಿದ್ದ "ಕೊರೆ ಒ ಕುದಸೈ" ಎನ್ನುವ ಅವಕಾಶವೇ ಬರಲಿಲ್ಲ. ಆ ಹುಡುಗ ಮೃದುವಾಗಿ, ಒಂದೇ ಉಸಿರಿನಲ್ಲಿ, ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದ. ನಾನು ಎಲ್ಲದಕ್ಕೂ "ಹೈ, ಹೈ" ಎಂದು ಗೋಣು ಆಡಿಸಿದೆ. ಪರಿಣಾಮವಾಗಿ ಉಂಡೆ ಬಿಸಿಯಾಗಿ ಬಂತು, ಬೇಡದ ಚೀಲಕ್ಕೆ ದುಡ್ಡು ತೆತ್ತೆ, ಚಾಪ್‌ಸ್ಟಿಕ್ ಬಂತು, ಚಮಚವೂ ಬಂತು. ಕೊನೆಯ ಪ್ರಶ್ನೆಗೂ "ಹೈ" ಎಂದೆ. ಆತ ಕೈ ಚಾಚಿ ನಿಂತ, ನಾನೂ ನಿಂತೆ, ನನ್ನ ಹಿಂದೆ ನಾಲ್ಕು ಜನ ನಿಂತರು. ನಿಮ್ಮಲ್ಲಿ ಪಾಯಿಂಟ್ ಕಾರ್ಡ್ ಇದೆಯೇ ಎಂದು ಅವನು ಕೇಳಿದ್ದನಂತೆ.

ಹಾಗಾಗಿ ವಾಕ್ಯಗಳನ್ನು ಕಲಿಯುವುದಕ್ಕಿಂತ ಅವರ ಪ್ರಶ್ನೆಯೊಳಗಿನ ಒಂದೊಂದು ಪದವನ್ನು ಹಿಡಿಯುವುದನ್ನು ಕಲಿಯಿರಿ. "ಫುಕುರೊ" ಕೇಳಿಸಿದರೆ ಚೀಲ. 2020ರ ಜುಲೈನಿಂದ ಪ್ಲಾಸ್ಟಿಕ್ ಚೀಲಕ್ಕೆ ಅಲ್ಲಿ ದುಡ್ಡು ಕೊಡಬೇಕು. "ಅತತಮೆ" ಕೇಳಿಸಿದರೆ ಬಿಸಿ ಮಾಡಲೇ ಎಂದು. "ಹಶಿ" ಎಂದರೆ ಚಾಪ್‌ಸ್ಟಿಕ್. "ಇರಿಮಸ್ ಕ" ಎಂಬುದು ನಮ್ಮ "ಬೇಕೇ". ಬೇಡವಾದರೆ ಅಂಗೈಯನ್ನು ಸ್ವಲ್ಪ ಆಡಿಸಿ "ದೈಜೋಬು ದೆಸ್" ಎನ್ನಿ.

ದಾವಣಗೆರೆ ಬೆಣ್ಣೆ

ದೈಜೋಬು ಎಂದರೆ "ಪರವಾಗಿಲ್ಲ" ಅಲ್ಲವೇ? ಅದು ಹೌದೋ, ಅಲ್ಲವೋ?

ನಿಶಿಕಸೈ ನಿವಾಸಿ

ನಮ್ಮ "ಪರವಾಗಿಲ್ಲ" ಹೇಗೋ ಹಾಗೆಯೇ. ಬಿದ್ದವರನ್ನು "ದೈಜೋಬು ದೆಸ್ ಕ" ಎಂದು ಕೇಳಿದರೆ ಏನೂ ಆಗಲಿಲ್ಲವಷ್ಟೇ ಎಂಬ ಅರ್ಥ. ಇನ್ನೊಂದು ಲೋಟ ಚಹಾ ಹಾಕಲೇ ಎಂದಾಗ "ದೈಜೋಬು ದೆಸ್" ಎಂದರೆ ಬೇಡ ಎಂದು. ಮದುವೆಮನೆಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು, ಪರವಾಗಿಲ್ಲ" ಎನ್ನುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹುಡುಗಿಯವರು ಹೇಳಿದ "ಹೈ" ಬಗ್ಗೆಯೂ ಒಂದು ಮಾತು. ಅದು ಬರೀ "ಹೌದು" ಅಲ್ಲ. ಕೇಳಿಸಿಕೊಳ್ಳುತ್ತಿದ್ದೇನೆ, ಮುಂದುವರಿಸಿ ಎಂದು ನಾವು ಹೂಂಗುಟ್ಟುತ್ತೇವಲ್ಲ, ಅದೂ ಹೌದು. ಅಂಗಡಿಯವರು ನಿಮ್ಮ ಮಾತಿಗೆ ಮೂರು ಸಲ "ಹೈ" ಎಂದ ಮಾತ್ರಕ್ಕೆ ಒಪ್ಪಿದರೆಂದು ತಿಳಿಯಬೇಡಿ.

ವ್ಯಾಕರಣಪ್ರಿಯ

ಈ ಚರ್ಚೆಯಲ್ಲಿ ಮುಖ್ಯವಾದ ಸಂಗತಿಯೊಂದು ಇನ್ನೂ ಬಂದಿಲ್ಲ. ಜಪಾನೀ ವಾಕ್ಯದಲ್ಲಿ ಪದಗಳು ನಮ್ಮ ಕ್ರಮದಲ್ಲಿಯೇ ಬರುತ್ತವೆ. ಇಂಗ್ಲಿಷ್ ಮೂಲಕ ಕಲಿಯುವವರು ತಲೆಕೆಳಗಾಗಿ ನಿಂತು ಕಲಿಯುತ್ತಾರೆ. "ಕೊನೊ ದೆನ್ಶ ವ ಕ್ಯೋತೊ ನಿ ಇಕಿಮಸ್ ಕ" ಎಂಬುದನ್ನು ತೆಗೆದುಕೊಳ್ಳಿ. ಕೊನೊ ಎಂದರೆ ಈ, ದೆನ್ಶ ಎಂದರೆ ರೈಲು, ಕ್ಯೋತೊ ನಿ ಎಂದರೆ ಕ್ಯೋಟೋಗೆ, ಇಕಿಮಸ್ ಎಂದರೆ ಹೋಗುತ್ತದೆ, ಕೊನೆಯ ಕ ನಮ್ಮ "ಏ". ಈ ರೈಲು ಕ್ಯೋಟೋಗೆ ಹೋಗುತ್ತದೆಯೇ? ಒಂದು ಪದವನ್ನೂ ಜಾಗ ಬದಲಿಸಬೇಕಾಗಿಲ್ಲ. ಊರಿನ ಹೆಸರು ಬದಲಿಸಿದರೆ ಇಡೀ ಪ್ರವಾಸಕ್ಕೆ ಒಂದೇ ವಾಕ್ಯ ಸಾಕು.

ಸಂಧಿ ಕೂಡ ಪರಿಚಿತವೇ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾದಂತೆ, "ಒರಿ" ಎಂಬ ಮಡಿಕೆಯೂ "ಕಮಿ" ಎಂಬ ಕಾಗದವೂ ಸೇರಿ "ಒರಿಗಮಿ" ಆಗುತ್ತದೆ. ನಮ್ಮ ಆದೇಶ ಸಂಧಿಯನ್ನು ಶಾಲೆಯಲ್ಲಿ ಓದಿದವರಿಗೆ ಇದು ಹೊಸದಲ್ಲ.

ದಾವಣಗೆರೆ ಬೆಣ್ಣೆ

ಹಾಗಾದರೆ ಜಪಾನೀ ಭಾಷೆ ದ್ರಾವಿಡ ಭಾಷೆಯೇ ಎಂದು ನಾನು ಬಹಳ ದಿನಗಳಿಂದ ಹೇಳುತ್ತಿರುವುದು ನಿಜವಾಯಿತು!

ವ್ಯಾಕರಣಪ್ರಿಯ

ಇಲ್ಲ, ಆಗಲಿಲ್ಲ. ಸುಸುಮು ಓನೊ ಎಂಬ ಜಪಾನೀ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟಿದೆಯೆಂದು ವಾದಿಸಿದ್ದರು. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ಕ್ರಿಯಾಪದ ಕೊನೆಗೆ ಬರುವ ಭಾಷೆಗಳು ಲೋಕದಲ್ಲಿ ಬೇಕಾದಷ್ಟಿವೆ. ಹೋಲಿಕೆಯಿದೆ ಎಂದ ಮಾತ್ರಕ್ಕೆ ರಕ್ತಸಂಬಂಧವಾಗುವುದಿಲ್ಲ.

ನಿರ್ವಾಹಕ

ಭಾಷೆಗಳ ವಂಶಾವಳಿಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಮೂವರು ಊಟ ಸಿಗದೆ ಪರದಾಡುವ ಅಪಾಯವಿದೆ.

ಎನ್4 ಅಭ್ಯಾಸಿ

ವ್ಯಾಕರಣಪ್ರಿಯರು ತಮ್ಮ ಉದಾಹರಣೆಯಲ್ಲಿ "ವ" ಎಂಬುದನ್ನು ಜಾಣತನದಿಂದ ಹಾರಿಸಿದ್ದಾರೆ. ಅದು ನಮ್ಮ ಯಾವ ವಿಭಕ್ತಿಗೂ ಸಮನಲ್ಲ. ಮಾತು ಯಾವುದರ ಬಗ್ಗೆ ಎಂದು ತೋರಿಸುವ ಗುರುತು. "ನಿ" ಕೂಡ ಎಲ್ಲ ಕಡೆಯೂ "ಗೆ, ಕ್ಕೆ" ಅಲ್ಲ, ಕೆಲವೆಡೆ "ಅಲ್ಲಿ" ಎಂಬ ಅರ್ಥವೂ ಬರುತ್ತದೆ.

ವ್ಯಾಕರಣಪ್ರಿಯ

ಒಪ್ಪಿದೆ. ಹಾರಿಸಿದ್ದು ಜಾಣತನದಿಂದಲ್ಲ, ರೈಲು ತಪ್ಪಬಾರದೆಂದು.

ಬಾಳೆಎಲೆ

ಊಟದ ವಿಷಯಕ್ಕೆ ಬರೋಣ. ಪಯಣಿಗರು ಕೇಳಿದ್ದರಲ್ಲಿ ನಿಜವಾಗಿ ಕಠಿಣವಾದದ್ದು ಅದೊಂದೇ. ನಾವು ಐದು ಜನ ಸಸ್ಯಾಹಾರಿಗಳು ಹೋಗಿದ್ದೆವು. "ಬೆಜಿತರಿಅನ್ ದೆಸ್" ಎಂದು ಹೇಳಿ ನೆಮ್ಮದಿಯಿಂದ ಕುಳಿತೆವು. ಎಲ್ಲರೂ ನಕ್ಕು ತಲೆಯಾಡಿಸಿದರು. ತರಕಾರಿಯ ಬಿಸಿಬಿಸಿ ನೂಡಲ್ಸ್ ಬಂತು. ಅರ್ಧ ಮುಗಿದ ಮೇಲೆ ನಮ್ಮ ಭಾವನವರು ಬಟ್ಟಲಿನ ತಳದಲ್ಲಿ ಮರದ ಹೊಟ್ಟಿನಂತಹ ತೆಳ್ಳಗಿನ ಚೂರೊಂದನ್ನು ಎತ್ತಿ ಇದೇನೆಂದು ಕೇಳಿದರು. ಅದು "ಕತ್ಸುಒ" ಎಂಬ ಮೀನನ್ನು ಒಣಗಿಸಿ ಹೆರೆದ ಚೂರು.

ಅಂಗಡಿಯವರು ಮೋಸ ಮಾಡಿದ್ದಲ್ಲ. ಮಾಂಸ ತಿನ್ನುವುದಿಲ್ಲ ಎಂದರೆ ಕಣ್ಣಿಗೆ ಕಾಣುವ ಮಾಂಸದ ತುಂಡು ಬೇಡವೆಂದು ಎಷ್ಟೋ ಜನ ತಿಳಿಯುತ್ತಾರೆ; ಅಡುಗೆಯ ತಳಪಾಯವಾದ "ದಶಿ" ಎಂಬ ಸಾರನ್ನು ಯಾರೂ ಮೀನೆಂದು ಎಣಿಸುವುದಿಲ್ಲ. ನಮ್ಮಲ್ಲಿ ಸಾರಿಗೆ ಇಂಗು ಹಾಕಿದ್ದೇವೆ ಎಂದು ಯಾರು ತಾನೇ ಹೇಳುತ್ತಾರೆ? ಮಿಸೊ ಸಾರು, ಸೊಬ ನೂಡಲ್ಸಿನ ರಸ, ಇನರಿ ಎಂಬ ಅನ್ನ ತುಂಬಿದ ಸಿಹಿಯಾದ ತೋಫು ಚೀಲ, ಎಲ್ಲದರಲ್ಲೂ ದಶಿ ಇರಬಹುದು.

ಆದ್ದರಿಂದ ಹೀಗೆ ಹೇಳಿ: "ನಿಕು ತೊ ಸಕನ ವ ತಬೆಮಸೆನ್. ಕತ್ಸುಒ ದಶಿ ಮೊ ದಮೆ ದೆಸ್." ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ, ಕತ್ಸುಒ ದಶಿಯೂ ಆಗದು ಎಂದು ಅರ್ಥ. ಮೊಟ್ಟೆಯೂ ಬೇಡವಾದರೆ "ತಮಗೊ" ಸೇರಿಸಿ. ಇದನ್ನು ಜಪಾನೀ ಲಿಪಿಯಲ್ಲಿ ಬರೆಸಿ, ದಪ್ಪ ಕಾಗದದ ಮೇಲೆ ಮುದ್ರಿಸಿ ಮೂರು ಪ್ರತಿ ಇಟ್ಟುಕೊಳ್ಳಿ. ಕೋಯಾಸಾನಿನಲ್ಲಿ ಈ ಚಿಂತೆ ಕಡಿಮೆ. ಕೂಕೈ ಎಂಬ ಸನ್ಯಾಸಿಗೆ ಆ ಬೆಟ್ಟ ದೊರೆತದ್ದು 816ರಲ್ಲಿ. ಅಲ್ಲಿನ ದೇವಾಲಯಗಳಲ್ಲಿ ಬಡಿಸುವ "ಶೋಜಿನ್ ರ್ಯೋರಿ" ಮಾಂಸ, ಮೀನು ಇಲ್ಲದ ಅಡುಗೆ. ಸಂಪ್ರದಾಯದಂತೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಸಾರಿಗೆ ಕೊಂಬು ಎಂಬ ಕಡಲಪಾಚಿ ಮತ್ತು ಅಣಬೆ ಬಳಸುತ್ತಾರೆ.

ಹಾಸನದ ಹುಡುಗಿ

"ಕತ್ಸುಒ" ಎಂಬುದನ್ನು ಹಾಗೆಯೇ ಬಿಡಿಸಿ ಹೇಳಬೇಕು. ನಮ್ಮ ಬಾಯಿಗೆ ವಕಾರಾಗಮ ತಾನಾಗಿಯೇ ಬಂದು "ಕತ್ಸುವೊ" ಆಗುತ್ತದೆ.

ಕಾಫಿಪುಡಿ

ಮುದ್ರಿಸಿದ ಚೀಟಿ ತೋರಿಸುವುದಾದರೆ ಫೋನನ್ನೇ ತೋರಿಸಬಹುದಲ್ಲ! ನಾನು ಹೇಳಿದ್ದೂ ಅದನ್ನೇ.

ಬಾಳೆಎಲೆ

ಕಾಫಿಪುಡಿಯವರೇ, ಚೀಟಿ ತೋರಿಸುವ ಮುನ್ನ "ಸುಮಿಮಸೆನ್" ಎಂದು ಕರೆಯಬೇಕು, ಓದಿದ ಮೇಲೆ ಅವರು ಏನೋ ಕೇಳುತ್ತಾರೆ, ಅದನ್ನು ಹಿಡಿಯಬೇಕು. "ಚೊತ್ತೊ..." ಎಂದು ಎಳೆದು ತಲೆ ಓರೆ ಮಾಡಿದರೆ ಆಗುವುದಿಲ್ಲ ಎಂದು ಅರ್ಥ, ಕಾಯದೆ ಎದ್ದು ಬೇರೆ ಕಡೆ ಹೋಗಬೇಕು. ನಮ್ಮವರು "ನೋಡೋಣ" ಎಂದರೆ ಏನೋ ಅದೇ. ನಿಮ್ಮ ಫೋನ್ ಅದನ್ನು "ಸ್ವಲ್ಪ" ಎಂದು ಅನುವಾದಿಸಿ ಕೊಡುತ್ತದೆ. ನೀವು ಸ್ವಲ್ಪ ಹೊತ್ತು ಕಾಯುತ್ತ ಕುಳಿತಿರುತ್ತೀರಿ.

ಮಲ್ಲೇಶ್ವರದ ಪಯಣಿಗ

ಎಲ್ಲರಿಗೂ ಧನ್ಯವಾದ. ಪಟ್ಟಿಯನ್ನು ಕನ್ನಡದಲ್ಲಿ ಬರೆದೆ, ಎರಡು ದಿನಕ್ಕೆ ಹದಿನೈದು ಮಾತು ಬಾಯಿಗೆ ಬಂತು. ಅಪ್ಪನೂ ಜೊತೆಗೆ ಕಲಿಯುತ್ತಿದ್ದಾರೆ. "ದೊರೆ ಎಂದರೆ ಯಾವುದು" ಎಂಬುದು ಅವರಿಗೆ ಬಹಳ ಹಿಡಿಸಿದೆ. ಬಿಸಿನೀರಿಗೆ "ಅತ್ಸುಇ ಮಿಜ಼ು" ಎಂದರೆ ಸರಿಯೇ?

ಎನ್4 ಅಭ್ಯಾಸಿ

ಸರಿಯಲ್ಲ. "ಮಿಜ಼ು" ಎಂದರೆ ತಣ್ಣೀರೇ. ಬಿಸಿನೀರಿಗೆ "ಒಯು" ಎಂಬ ಬೇರೆಯ ಪದವೇ ಇದೆ.

ನಿಶಿಕಸೈ ನಿವಾಸಿ

"ಒಯು" ಎಂದರೆ ಅರ್ಥವಾಗುತ್ತದೆ, ಆದರೆ ಸ್ನಾನದ ನೀರೂ ಅದೇ. ಕುಡಿಯುವ ಬರೀ ಬಿಸಿನೀರು "ಸಯು". ಅಮ್ಮನವರು "ಸಯು ಒ ಕುದಸೈ" ಎನ್ನಲಿ.

ಕರಾವಳಿ ಮಾಸ್ತರ್

ಹಿರಿಯರ ಜೊತೆ ಹೋಗುವವರು ಇನ್ನೊಂದು ಪದವನ್ನು ಸರಿಯಾಗಿ ಕಲಿಯಬೇಕು. ಓಸಾಕಾದಲ್ಲಿ ನನ್ನ ಮಡದಿಯ ಕಾಲು ಉಳುಕಿತು. ದಾರಿಯಲ್ಲಿ ಒಬ್ಬ ಮಹಿಳೆಯನ್ನು ತಡೆದು ಆಸ್ಪತ್ರೆ ಎಲ್ಲಿದೆ ಎಂದು ಜಪಾನಿಯಲ್ಲೇ ಕೇಳಿದೆ. ಒಳಗೊಳಗೆ ಹೆಮ್ಮೆಯೂ ಇತ್ತು. ಆಕೆ ನನ್ನನ್ನು ನೋಡಿದರು, ಕುಂಟುತ್ತಿದ್ದ ಮಡದಿಯನ್ನು ನೋಡಿದರು, ಅನುಮಾನದಿಂದಲೇ ಎರಡು ಬೀದಿ ದಾಟಿಸಿ ಒಂದು ಗಾಜಿನ ಬಾಗಿಲಿನ ಮುಂದೆ ನಿಲ್ಲಿಸಿದರು. ಒಳಗೆ ಮೂವರು ಹೆಂಗಸರು ತಲೆಗೂದಲಿಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದರು. ಆಸ್ಪತ್ರೆ "ಬ್ಯೋಇನ್", ಹೆಂಗಸರ ಕೇಶಾಲಂಕಾರದ ಅಂಗಡಿ "ಬಿಯೋಇನ್". ಇಂಗ್ಲಿಷ್ ಅಕ್ಷರದಲ್ಲಿ ಓದಿಕೊಂಡಿದ್ದ ನನಗೆ ಎರಡೂ ಒಂದೇ ಆಗಿತ್ತು. ಕನ್ನಡದಲ್ಲಿ ಒತ್ತು ಒಂದು ಕಡೆ, ಗುಣಿಸು ಇನ್ನೊಂದು ಕಡೆ. ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ನಿಜವಾದ ತುರ್ತಿಗೆ 119ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ಪೊಲೀಸರಿಗೆ 110.

ವೈದ್ಯರ ಬಳಿ ನೋವು ಹೇಗಿದೆ ಎಂದು ವಿವರಿಸಲು ಅವರಲ್ಲೂ ನಮ್ಮಂತೆ ಜೋಡಿ ಪದಗಳಿವೆ. ಸೂಜಿ ಚುಚ್ಚಿದಂತಾದರೆ "ಚಿಕುಚಿಕು", ಮಿಡಿಯುವ ನೋವಿಗೆ "ಜ಼ುಕಿಜ಼ುಕಿ". ನಾನು ಕಾಲು ತೋರಿಸಿ "ಜ಼ುಕಿಜ಼ುಕಿ" ಎಂದೆ, ವೈದ್ಯರು ಕೂಡಲೇ ಬರೆದುಕೊಂಡರು.

ಬಿಡದಿ ಬಸ್ಸು

ನಾನು ಬಿಡದಿಯ ಕಡೆ ವಾಹನದ ಬಿಡಿಭಾಗ ತಯಾರಿಸುವ ಘಟಕದಲ್ಲಿದ್ದವನು. ಸೆಇರಿ, ಸೆಇತೊನ್, ಸೆಇಸೋ, ಸೆಇಕೆತ್ಸು, ಶಿತ್ಸುಕೆ ಎಂದು, ಕೆಲಸದ ಜಾಗವನ್ನು ಅಚ್ಚುಕಟ್ಟಾಗಿಡುವ ಐದು ಜಪಾನೀ ಸೂತ್ರಗಳನ್ನು ಗೋಡೆಯ ಮೇಲೆ ಬರೆದದ್ದನ್ನು ಹದಿನಾಲ್ಕು ವರ್ಷ ಓದಿದ್ದೇನೆ. ತರಬೇತಿಗೆ ಜಪಾನಿಗೆ ಹೋದಾಗ ಇವುಗಳಲ್ಲಿ ಒಂದೂ ಊಟ ತರಿಸಲು ಉಪಯೋಗಕ್ಕೆ ಬರಲಿಲ್ಲ.

ಆದರೆ ಅಲ್ಲಿ ಕಲಿತ ಒಂದು ಮಾತಿದೆ. ಎದುರಿನವರ ಹೆಸರಿಗೆ "ಸನ್" ಸೇರಿಸಿ, ನಿಮ್ಮ ಹೆಸರಿಗೆ ಎಂದೂ ಸೇರಿಸಬೇಡಿ. "ನಾನು ರಾಯರು ಬಂದಿದ್ದೇನೆ" ಎಂದಂತಾಗುತ್ತದೆ. "ಅನತ" ಎಂದರೆ ನೀವು ಎಂದು ಪುಸ್ತಕಗಳು ಹೇಳುತ್ತವೆ. ಅದನ್ನು ಬಳಸಬೇಡಿ, ಹೆಸರು ಗೊತ್ತಿಲ್ಲದಿದ್ದರೆ "ಸುಮಿಮಸೆನ್" ಸಾಕು.

ದಾವಣಗೆರೆ ಬೆಣ್ಣೆ

ಲೆಕ್ಕ ಯಾರೂ ಹೇಳಲಿಲ್ಲ. ಬೆಲೆ ಕೇಳಿದರೆ ಅವರು ಹೇಳುವ ಸಂಖ್ಯೆ ತಿಳಿಯಬೇಕಲ್ಲ.

ನಿಶಿಕಸೈ ನಿವಾಸಿ

ಬೆಲೆ ಯಂತ್ರದ ಪರದೆಯ ಮೇಲೆ ಕಾಣುತ್ತದೆ, ಕಿವಿಯನ್ನು ನಂಬಬೇಕಾಗಿಲ್ಲ. "ಮನ್" ಎಂದರೆ ಹತ್ತು ಸಾವಿರ ಎಂಬುದನ್ನು ನೆನಪಿಡಿ. ಅವರು ಸಾವಿರದ ನಂತರ ಮನ್‌ಗಳಲ್ಲಿ ಎಣಿಸುತ್ತಾರೆ; ಹತ್ತು ಮನ್ ಸೇರಿದರೆ ನಮ್ಮ ಒಂದು ಲಕ್ಷ. ಇನ್ನು ಹೋಟೆಲಿನ ಬಾಗಿಲಲ್ಲಿ ಎಷ್ಟು ಜನ ಎಂದು ಕೇಳುತ್ತಾರೆ. ನಾವು ಒಂದು, ಎರಡು ಬಿಟ್ಟು ಒಬ್ಬರು, ಇಬ್ಬರು ಎನ್ನುವಂತೆ ಅವರೂ ಜನರಿಗೆ "ಹಿತೊರಿ", "ಫುತರಿ" ಎನ್ನುತ್ತಾರೆ. ನೀವು ಮೂವರು, "ಸನ್ನಿನ್" ಎನ್ನಿ.

ಕಾಫಿಪುಡಿ

ಮೂರು ಬೆರಳು ತೋರಿಸಿದರೂ ಒಳಗೆ ಬಿಡುತ್ತಾರೆ ಎಂದು ದಾಖಲೆಗಾಗಿ ಹೇಳಿರುತ್ತೇನೆ.

ಮಲ್ಲೇಶ್ವರದ ಪಯಣಿಗ

ಹೋಗಿ ಬಂದೆವು. ಕೊಟ್ಟ ಮಾತಿನಂತೆ ವರದಿ ಒಪ್ಪಿಸುತ್ತಿದ್ದೇನೆ.

ಅತಿ ಹೆಚ್ಚು ಬಳಸಿದ್ದು "ಸುಮಿಮಸೆನ್". ಎರಡನೆಯದು, ನಂಬಿದರೆ ನಂಬಿ, "ಸಯು". ಅಮ್ಮ ಅದನ್ನು ಎಷ್ಟು ಸ್ಪಷ್ಟವಾಗಿ ಹೇಳುತ್ತಿದ್ದರೆಂದರೆ, ಕ್ಯೋಟೋದ ಒಂದು ಚಿಕ್ಕ ಉಪಾಹಾರ ಗೃಹದ ಅಜ್ಜಿ ನೀರು ತಂದಿಟ್ಟು ಅಮ್ಮನ ಜೊತೆ ಐದು ನಿಮಿಷ ಮಾತನಾಡಿದರು. ಅಮ್ಮನೂ ಕನ್ನಡದಲ್ಲಿ ಉತ್ತರಿಸಿದರು. ದಶಿಯ ಚೀಟಿಯನ್ನು ಒಂಬತ್ತು ಕಡೆ ತೋರಿಸಿದೆವು. ನಾಲ್ಕು ಕಡೆ "ಚೊತ್ತೊ" ಎಂದರು, ಎದ್ದು ಬಂದೆವು. ರೈಲಿನ ವಾಕ್ಯವನ್ನು ಅಪ್ಪ ಪ್ರತಿ ನಿಲ್ದಾಣದಲ್ಲೂ, ಫಲಕ ಕಣ್ಣೆದುರೇ ಇದ್ದಾಗಲೂ, ಯಾರನ್ನಾದರೂ ನಿಲ್ಲಿಸಿ ಕೇಳಿದರು. ಫೋನ್ ಔಷಧಿ ಅಂಗಡಿಯಲ್ಲಿ ನಮ್ಮನ್ನು ಕಾಪಾಡಿತು ಎಂಬುದನ್ನು ಕಾಫಿಪುಡಿಯವರ ಸಮಾಧಾನಕ್ಕೆ ಹೇಳಬೇಕು.

ಒಂದು ಪದವನ್ನು ಮಾತ್ರ ನೀವು ಯಾರೂ ಹೇಳಿಕೊಟ್ಟಿರಲಿಲ್ಲ. ಹಿರೋಶಿಮಾದಲ್ಲಿ ಬೆಳಿಗ್ಗೆಯಿಂದ ಮಳೆ. ನಾವು ಹೊರಡುವಾಗ ವಸತಿಗೃಹದ ಹುಡುಗ ಅಮ್ಮನ ಬಳಿ ಬಂದು, ಬಾಗಿ, "ಕಸ, ಇರಿಮಸ್ ಕ" ಎಂದು ಕೇಳಿದ. ಇರಿಮಸ್ ಎಂದರೆ ಬೇಕು ಎಂಬುದು ಅಮ್ಮನಿಗೆ ಗೊತ್ತಿತ್ತು; ಕಸ ಎಂಬುದಂತೂ ಹುಟ್ಟಿದಾಗಿನಿಂದ ಗೊತ್ತು. ಅಲ್ಲಿನ ಬೀದಿಗಳಲ್ಲಿ ಕಸದ ತೊಟ್ಟಿ ಸಿಗುವುದೇ ಅಪರೂಪ, ಹಾಗಾಗಿ ಎರಡು ದಿನದ ಕಿತ್ತಳೆ ಸಿಪ್ಪೆ, ಬಿಸ್ಕತ್ತಿನ ಹೊದಿಕೆ ಎಲ್ಲವನ್ನೂ ಒಂದು ಚೀಲದಲ್ಲಿ ಹೊತ್ತು ತಿರುಗುತ್ತಿದ್ದರು. ಇಷ್ಟು ಒಳ್ಳೆಯ ಹುಡುಗ ತಾನಾಗಿಯೇ ಕೇಳುತ್ತಿದ್ದಾನಲ್ಲ ಎಂದು "ಹೈ, ಅರಿಗತೋ ಗೊಜ಼ೈಮಸ್" ಎನ್ನುತ್ತ ಆ ಚೀಲವನ್ನು ಅವನ ಎರಡೂ ಕೈಗಳಲ್ಲಿ ಇಟ್ಟರು. ಅವನು ಚೀಲವನ್ನು ನೋಡಿದ, ಅಮ್ಮನನ್ನು ನೋಡಿದ, ಮತ್ತೊಮ್ಮೆ ಬಾಗಿ ಒಳಗೆ ಹೋದ. ಬರುವಾಗ ಕೈಯಲ್ಲಿ ಮೂರು ಕೊಡೆಗಳಿದ್ದವು.

ಎನ್4 ಅಭ್ಯಾಸಿ

ಕೊಡೆಗೆ "ಕಸ", ಕಸಕ್ಕೆ "ಗೊಮಿ". ತಪ್ಪು ನಮ್ಮದೇ, ಕ್ಷಮೆಯಿರಲಿ.

ಹಾಸನದ ಹುಡುಗಿ

ಚೀಲ ವಾಪಸ್ ಬಂತೇ?

ಮಲ್ಲೇಶ್ವರದ ಪಯಣಿಗ

ಸಂಜೆ ಕೊಡೆಗಳನ್ನು ಹಿಂದಿರುಗಿಸಿದಾಗ ತೊಳೆದು ಮಡಿಚಿ ಕೊಟ್ಟ.